ಕೈಕುಲುಕದ ರೂತ್ ಆಂಟಿ

ಕೊಲ್ಲಿ ದೇಶದ ಅಲ್ ಸದ್ದ್‌ನ ನಮ್ಮ ಮನೆ ಐದನೆಯ ಮಹಡಿಯಲ್ಲಿತ್ತು. ಎರಡು ಮಲಗುವ ಕೋಣೆ, ಒಂದು ಉದ್ದನೆಯ ಹಾಲ್, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಬೇಕಾದಷ್ಟು ಇಕ್ಕಟ್ಟಾದ ಅಡುಗೆಮನೆ. ವರ್ಷದ ಬಹುಭಾಗ ಕಿಟಕಿ ತೆರೆಯುವಂತಿರಲಿಲ್ಲ. ತೆರೆದರೆ ಒಲೆಯ ಮುಂದೆ ಕೂತ ಹಾಗೆ ಬಿಸಿಗಾಳಿ, ಅದರ ಹಿಂದೆಯೇ ಹಿಟ್ಟಿನಂಥ ಧೂಳು. ಹಾಗಾಗಿ ಶುಕ್ರವಾರ ಬೆಳಗ್ಗೆ ಅವ್ವ ಎಣಗಾಯಿಗೆ ಮಸಾಲೆ ಹುರಿದಳೆಂದರೆ ಆ ವಾಸನೆ ಸೋಫಾದ ಬಟ್ಟೆಗೆ, ಪರದೆಗೆ, ನನ್ನ ಶಾಲೆಯ ಚೀಲಕ್ಕೆ ಅಂಟಿಕೊಂಡು ಭಾನುವಾರ ನನ್ನ ಜೊತೆ ಬಸ್ಸು ಹತ್ತುತ್ತಿತ್ತು. ಶುಕ್ರವಾರ ಅಪ್ಪನಿಗೆ ರಜೆ. ಗ್ಯಾಸ್ ಕಂಪನಿಯ ಇಂಜಿನಿಯರ್ ಆಗಿದ್ದ ಅಪ್ಪ ಅವತ್ತು ಲುಂಗಿ ಉಟ್ಟು, ಧಾರವಾಡದ ಪೇಪರನ್ನು ಫೋನಿನಲ್ಲಿ ಓದುತ್ತಾ, ಗೆಳೆಯನ ದಾರಿ ಕಾಯುತ್ತಿದ್ದ. ಮಧ್ಯಾಹ್ನದ ನಮಾಜು ಮುಗಿದು ರಸ್ತೆಯಲ್ಲಿ ಮತ್ತೆ ಕಾರುಗಳ ಸದ್ದು ಕೇಳತೊಡಗಿದಾಗ ನಮ್ಮ ಮನೆಯ ಬೆಲ್ ಆಗುತ್ತಿತ್ತು. ವಸಂತ ಕಾಕಾ ಬಂದ ಎಂದರ್ಥ.

ಕಾಕಾ ಅಪ್ಪನ ಕಾಲೇಜಿನ ಗೆಳೆಯ. ಕಟ್ಟಡ ಕಂಪನಿಯಲ್ಲಿ ಸೈಟ್ ಸೂಪರ್‌ವೈಸರ್; ವಾರವಿಡೀ ಬಿಸಿಲಲ್ಲಿ ನಿಂತು ಮುಖ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಹೆಂಡತಿ ಮತ್ತು ಮಗಳು ಧಾರವಾಡದಲ್ಲಿದ್ದರು. ನಗರದ ಹೊರಗಿನ ಅಲ್ ವುಕೈರ್‌ನಲ್ಲಿ ಇನ್ನಿಬ್ಬರ ಜೊತೆ ಮನೆ ಹಂಚಿಕೊಂಡಿದ್ದ ಅವನು ವಾರಕ್ಕೊಮ್ಮೆ ಜೋಳದ ಭಕ್ರಿ ತಿನ್ನಲು ನಮ್ಮಲ್ಲಿಗೆ ಬರುತ್ತಿದ್ದ, ಬರುವಾಗ ಫ್ಲಾಸ್ಕಿನ ತುಂಬ ಇಲ್ಲಿನ ಗಟ್ಟಿ ಹಾಲಿನ ಕರಕ್ ಚಹಾ ತರುತ್ತಿದ್ದ. ಕಟ್ಟಡದ ಕೆಳಗಿನ ಪಾರ್ಕಿಂಗ್‌ನಲ್ಲಿ ನನಗೆ ಸೈಕಲ್ ಕಲಿಸಿದವನು ಅವನೇ. ಬಾಗಿಲು ತೆರೆದ ಕೂಡಲೇ ಎರಡೂ ತೋಳು ಚಾಚಿ “ಎಲ್ಲ್ಯದ ನನ್ನ ಬಂಗಾರ?” ಎನ್ನುತ್ತಿದ್ದ. ನಾನು ಓಡಿಹೋಗಿ ನೇತುಬೀಳುತ್ತಿದ್ದೆ. ಎತ್ತಿ, ಗಡ್ಡದ ಚುಚ್ಚುವ ಕೂದಲನ್ನು ನನ್ನ ಕೆನ್ನೆಗೆ ಉಜ್ಜಿ, ಗಲ್ಲ ಹಿಂಡಿ, ಊಟಕ್ಕೆ ಕೂತಾಗಲೂ ತೊಡೆಯ ಮೇಲಿಂದ ಇಳಿಸುತ್ತಿರಲಿಲ್ಲ. ಐದು ವರ್ಷದವಳಿಗೆ ಅದು ಹಬ್ಬ. ವಯಸ್ಸು ಹನ್ನೊಂದು ದಾಟುವ ಹೊತ್ತಿಗೆ ಅದೇ ಬೆಲ್ ಸದ್ದಿಗೆ ನಾನು ಬಾಗಿಲಿಂದ ದೂರ ಸರಿಯತೊಡಗಿದೆ. ನನ್ನ ಮೈ ನನಗೇ ಹೊಸದಾಗಿತ್ತು. ಅದನ್ನು ಇನ್ನೊಬ್ಬರು ಹಳೆಯ ಸಲಿಗೆಯಿಂದ ಎಳೆದುಕೊಳ್ಳುವುದು ಬೇಡವಾಗಿತ್ತು. ಕಾಕಾನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದು ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ. ನನ್ನ ಕಷ್ಟವಿದ್ದದ್ದೇ ಅಲ್ಲಿ. ಅವನು ಕೆಟ್ಟವನಾಗಿದ್ದರೆ ದೂರು ಹೇಳಬಹುದಿತ್ತು. ಒಳ್ಳೆಯವನ ಮೇಲೆ ಏನೆಂದು ಹೇಳುವುದು? ಬೆಲ್ ಆದ ಕೂಡಲೇ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಹೊರಗಿನಿಂದ ಅಪ್ಪ, ಬೇಗ ಎನ್ನುವುದಕ್ಕೆ ಇಲ್ಲಿನವರು ಹೇಳುವ ‘ಯಲ್ಲಾ’ ಸೇರಿಸಿ ಕರೆಯುತ್ತಿದ್ದ.

“ವಿಭಾ, ಕಾಕಾ ಬಂದಾನ. ಎಷ್ಟೊತ್ತು ಒಳಗ ಕೂಡ್ತಿ? ಯಲ್ಲಾ, ಬಾ ಹೊರಗ.”

ಹೋಗುತ್ತಿದ್ದೆ.

ಆ ವರ್ಷವೇ ನಮ್ಮ ಎದುರು ಮನೆಗೆ ರೂತ್ ಆಂಟಿ ಮತ್ತು ಅವರ ಗಂಡ ಬಂದರು. ಅಮೆರಿಕದವರು, ಗಂಡ ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುತ್ತಿದ್ದರು. ಅವ್ವ ಬೇಸನ್ ಉಂಡಿಯ ತಟ್ಟೆ ಹಿಡಿದು ಹೊರಟಾಗ ಅಪ್ಪನೂ ನಾನೂ ಜೊತೆಗಿದ್ದೆವು. ಲಿಫ್ಟಿನ ಮುಂದೆಯೇ ಅವರು ಸಿಕ್ಕರು. ತಲೆಗೆ ನೀಲಿ ವಸ್ತ್ರ ಕಟ್ಟಿದ್ದ, ಉದ್ದ ತೋಳಿನ ಅಂಗಿ ತೊಟ್ಟಿದ್ದ, ನಗುಮುಖದ ಹೆಂಗಸು. ಅಪ್ಪ ಇಂಗ್ಲಿಷಿನಲ್ಲಿ ಸ್ವಾಗತ ಹೇಳಿ ಕೈ ಚಾಚಿದ. ರೂತ್ ಆಂಟಿ ಎರಡೂ ಕೈಗಳನ್ನು ಎದೆಯ ಬಳಿ ಚೀಲದ ಮೇಲೆ ಇಟ್ಟುಕೊಂಡು, ಅಪ್ಪನ ಹೆಸರು ಕೇಳಿ ತಿಳಿದು, ಆ ಹೆಸರನ್ನು ಸರಿಯಾಗಿ ಉಚ್ಚರಿಸಿ, ನಿಮ್ಮಂಥ ನೆರೆಯವರು ಸಿಕ್ಕಿದ್ದು ನಮ್ಮ ಪುಣ್ಯ ಎನ್ನುವ ಅರ್ಥದ ಮಾತಾಡಿದರು. ಆಮೇಲೆ, ಕ್ಷಮಿಸಿ, ನಾನು ಗಂಡಸರ ಕೈ ಕುಲುಕುವುದಿಲ್ಲ, ನಮ್ಮ ಧರ್ಮದ ಪದ್ಧತಿ ಎಂದರು. ಅಪ್ಪನ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ತಲೆ ಕೆರೆದುಕೊಂಡು, ಕೊನೆಗೆ ಜೇಬಿಗೆ ಹೋಯಿತು. ಮನೆಗೆ ಬಂದ ಮೇಲೆ ಅವನಿಗೆ ಅದನ್ನು ಮರೆಯಲಾಗಲಿಲ್ಲ.

“ಇಲ್ಲಿ ಹೆಣ್ಮಕ್ಕಳಿಗೆ ತಾನಾಗಿ ಕೈ ಚಾಚಬಾರ್ದು ಅಂತ ಕಲತೆ. ಅಮೆರಿಕಾದವರಿಗೆ ಚಾಚಲಿಲ್ಲಂದ್ರ ಸೊಕ್ಕು ಅಂತಾರ ಅಂತ ಅದನ್ನೂ ಕಲತೆ. ಈಗ ಈಕಿ ಅಮೆರಿಕಾದಾಕಿ ಆಗಿ ಒಲ್ಲೆ ಅಂತಾಳ.”

ಅವ್ವ ನಕ್ಕಳು.

“ನಮಸ್ಕಾರ ಮಾಡಬೇಕಿತ್ತು. ಊರಾಗ ಕಲತದ್ದು ಮರತೀರೇನು?”

ತಲೆವಸ್ತ್ರ ನೋಡಿ ಮುಸ್ಲಿಮರೆಂದುಕೊಂಡು ಕೆಳಗಿನ ಅಂಗಡಿಯ ಮಲಯಾಳಿ ರೂತ್ ಆಂಟಿಗೆ ಸಲಾಂ ಹೇಳುತ್ತಿದ್ದ. ಅವರು ಯಹೂದಿಗಳು ಎಂಬುದು ಗೊತ್ತಿದ್ದದ್ದು ನಮ್ಮ ಮನೆಗೆ ಮಾತ್ರ. ಅವರು ಅದನ್ನು ಮುಚ್ಚಿಡಲಿಲ್ಲ, ಸಾರಿಕೊಂಡು ಹೋಗಲೂ ಇಲ್ಲ. ಬೇಸನ್ ಉಂಡಿಯನ್ನು ಅವರು ತಿನ್ನುವಂತಿರಲಿಲ್ಲ, ನಮ್ಮ ಪಾತ್ರೆಯ ಅಡುಗೆ ಅವರಿಗೆ ನಡೆಯುತ್ತಿರಲಿಲ್ಲ. ಅವ್ವನಿಗೆ ಮೊದಲು ಪಿಚ್ಚೆನಿಸಿದರೂ ಬೇಗ ಒಪ್ಪಿಕೊಂಡಳು. ಅವಳ ಅಜ್ಜಿಯೂ ಹೊರಗೆ ಎಲ್ಲಿ ಹೋದರೂ ನೀರು ಸಹ ಮುಟ್ಟುತ್ತಿರಲಿಲ್ಲವಂತೆ. ಅಂದಿನಿಂದ ಆ ಮನೆಗೆ ಅವ್ವ ಸಿಪ್ಪೆ ಸುಲಿಯದ ಬಾಳೆಹಣ್ಣು, ಕಿತ್ತಳೆ ಕಳಿಸತೊಡಗಿದಳು. ರೂತ್ ಆಂಟಿ ತಮ್ಮ ದೇಶದಲ್ಲಿ ಶಿಕ್ಷಕಿಯಾಗಿದ್ದವರು. ನನ್ನ ಇಂಗ್ಲಿಷ್ ಪ್ರಬಂಧಗಳನ್ನು ತಿದ್ದಿಕೊಡುತ್ತೇನೆಂದು ತಾವಾಗಿಯೇ ಹೇಳಿದರು. ಶಾಲೆಯಿಂದ ಬಂದು, ಉಪ್ಪಿಟ್ಟು ತಿಂದು, ನಾನು ಎದುರು ಮನೆಯ ಬಾಗಿಲು ತಟ್ಟುವುದು ರೂಢಿಯಾಯಿತು.

ಅವರ ಮನೆಯಲ್ಲಿ ನನಗೆ ಎಲ್ಲವೂ ಕುತೂಹಲ. ಹಾಲಿನ ಪದಾರ್ಥಕ್ಕೊಂದು ಪಾತ್ರೆಗಳ ಸಾಲು, ಮಾಂಸದ ಅಡುಗೆಗೆ ಇನ್ನೊಂದು. ಎಸಿ ರಿಪೇರಿಯವನು ಬಂದಾಗ ಗಂಡ ಮನೆಯಲ್ಲಿಲ್ಲದಿದ್ದರೆ ಮುಂಬಾಗಿಲನ್ನು ಪೂರ್ತಿ ತೆರೆದಿಡುತ್ತಿದ್ದರು. ನಾನು ಕೇಳಿದ್ದಕ್ಕೆಲ್ಲ ಅವರು ಉತ್ತರ ಹೇಳುತ್ತಿದ್ದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಅದು ಕನ್ನಡವಾಗಿ ಉಳಿದುಕೊಂಡಿದೆ. ಗಂಡ, ಅಪ್ಪ, ಅಜ್ಜ, ಮಗ ಇವರನ್ನು ಬಿಟ್ಟು ಬೇರೆ ಗಂಡಸರನ್ನು ಅವರು ಪ್ರೀತಿಯಿಂದಾಗಲಿ ಸ್ನೇಹದಿಂದಾಗಲಿ ಮುಟ್ಟುವುದಿಲ್ಲ. ಗಂಡಸರಿಗೂ ಇದೇ ನಿಯಮ. ನಾನು ಬಿಡಲಿಲ್ಲ. ಡಾಕ್ಟರ್ ಮುಟ್ಟಿದರೆ? ಅದು ಅವರ ಕೆಲಸ, ಅದಕ್ಕೆ ಅಡ್ಡಿಯಿಲ್ಲ. ಬಸ್ಸಿನಲ್ಲಿ ನೂಕುನುಗ್ಗಲಾದರೆ? ಅದರಲ್ಲಿ ಪ್ರೀತಿ ಎಲ್ಲಿದೆ, ಸಂಕಟವಷ್ಟೇ. ಸಮುದ್ರದಲ್ಲಿ ಮುಳುಗುತ್ತಿದ್ದರೆ? ಆಗ ನಿಯಮ ನೋಡುತ್ತಾ ನಿಂತವನು ಮೂರ್ಖ ಎಂದು ನಮ್ಮ ಹಿರಿಯರೇ ಹೇಳಿದ್ದಾರೆ. ಕೊನೆಗೆ ನಾನು ನಿಜವಾಗಿ ಕೇಳಬೇಕಿದ್ದದ್ದನ್ನು ಕೇಳಿದೆ.

“ಚಿಕ್ಕಪ್ಪ, ಮಾವ, ಅಪ್ಪನ ಗೆಳೆಯ?”

“ಅವರೂ ಇಲ್ಲ,” ಎಂದರು ರೂತ್ ಆಂಟಿ. “ನಿನ್ನ ವಯಸ್ಸಿಗೆ ನಾನು ಶುರುಮಾಡಿದ್ದು. ಇಷ್ಟವಿಲ್ಲದವರನ್ನು ದೂರ ಇಡುವುದಕ್ಕೆ ಈ ನಿಯಮ ಬಂದದ್ದಲ್ಲ, ವಿಭಾ. ನನಗೆ ತುಂಬ ಇಷ್ಟವಾದವರಿಗೂ ಇದೇ ನಿಯಮ. ಸ್ಪರ್ಶವನ್ನು ನಾವು ದೊಡ್ಡದೆಂದು ತಿಳಿಯುತ್ತೇವೆ, ಅದಕ್ಕೇ ಎಲ್ಲರಿಗೂ ಹಂಚುವುದಿಲ್ಲ.”

“ಅವರಿಗೆ ಬೇಜಾರಾಗುವುದಿಲ್ಲವೇ?”

“ಆಗುತ್ತದೆ. ಅದಕ್ಕೇ ಅವರ ಕೈ ಮುಂದೆ ಬರುವ ಮೊದಲು ನಾನು ಮಾತು ಮುಂದೆ ಇಡುತ್ತೇನೆ. ಹೆಸರು ಹಿಡಿದು ಕರೆದು, ನಕ್ಕು, ಹೇಳಿಬಿಡುತ್ತೇನೆ. ನಮ್ಮಲ್ಲೇ ಕೆಲವರು, ಎದುರಿನವರಿಗೆ ಅವಮಾನವಾಗದಿರಲಿ ಎಂದು, ಚಾಚಿದ ಕೈ ಕುಲುಕಿಬಿಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ.”

ನಾನು ಪೆನ್ಸಿಲ್ ತಿರುಗಿಸುತ್ತಾ ವಸಂತ ಕಾಕಾನ ವಿಷಯ ಹೇಳಿದೆ. ಅವರ ಮುಖ ಗಂಭೀರವಾಯಿತು. ಬೇರೆ ಬೇರೆ ರೀತಿಯಲ್ಲಿ ವಿಚಾರಿಸಿ, ಇದು ಬರೀ ಅತಿ ಸಲಿಗೆಯೇ ಹೊರತು ಇನ್ನೇನೂ ಅಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಹೆಂಗಸರ ನಡುವೆ ಅಂಥ ನಿಯಮವಿರಲಿಲ್ಲ.

“ನನ್ನ ನಿಯಮ ನನ್ನ ಧರ್ಮದ್ದು, ಅದನ್ನು ನಿನಗೆ ಕೊಡಲಾರೆ. ನಿನ್ನ ಮನೆಯ ನಿಯಮ ನಿನ್ನ ಮನೆಯಲ್ಲೇ ಹುಟ್ಟಬೇಕು. ಅಮ್ಮನ ಹತ್ತಿರ ಮಾತಾಡು.”

ಅವ್ವನ ಹತ್ತಿರ ಮಾತಾಡಲು ನನಗೆ ನಾಚಿಕೆ. ಮಾತನ್ನು ಮುಂದೆ ಇಡುವುದಷ್ಟೇ ತಾನೇ, ನಾನೇ ಇಟ್ಟರಾಯಿತು ಎಂದುಕೊಂಡು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಶುಕ್ರವಾರ ಬೆಲ್ ಆದಾಗ ಬಚ್ಚಲುಮನೆಗೆ ಹೋಗದೆ ಊಟದ ಮೇಜಿನ ಹಿಂದೆ ಕೈಮುಗಿದು ನಿಂತೆ. ಕಾಕಾ ಒಳಗೆ ಬಂದು ತೋಳು ಬಿಚ್ಚುವ ಮುಂಚೆಯೇ ಹೇಳಿಬಿಟ್ಟೆ.

“ನಮಸ್ಕಾರ ಕಾಕಾ. ಇನ್ನ ಮ್ಯಾಲೆ ನನ್ನ ಎತ್ತೂದು, ಅಪ್ಪಿಕೊಳ್ಳೂದು ಬ್ಯಾಡ.”

“ಅರೆ, ಯಾವಾಗಿಂದ ಇಷ್ಟ್ ದೊಡ್ಡಾಕಿ ಆದಿ ನೀ? ಎದುರಮನಿ ಮೇಡಂ ಕಲಿಸ್ಯಾಳೇನು?”

ಕಾಕಾ ಗಟ್ಟಿಯಾಗಿ ನಗುತ್ತಾ ಮೇಜು ಸುತ್ತಿ ಬಂದ. ಇದು ಆಟವೆಂದೇ ಅವನು ತಿಳಿದಿದ್ದ. ತೋಳು ನನ್ನ ಸುತ್ತ ಬಿದ್ದಾಗ ಮೊದಲು ಮರದ ಹಾಗೆ ಸೆಟೆದುಕೊಂಡೆ, ಆಮೇಲೆ ಎರಡೂ ಕೈಯಿಂದ ನನ್ನ ಶಕ್ತಿಯನ್ನೆಲ್ಲ ಹಾಕಿ ದೂಡಿದೆ. ಅವನ ಚಷ್ಮಾ ಹಾರಿ ಟೈಲ್ಸಿನ ಮೇಲೆ ಬಿತ್ತು. ಒಂದು ಗಾಜು ಒಡೆಯಿತು. ಅಪ್ಪ ಕ್ಷಮೆ ಕೇಳು ಎಂದ. ನಾನು ಮೇಜಿನ ಇನ್ನೊಂದು ಬದಿಗೆ ಸರಿದೆ. ಕಾಕಾನೇ “ಹೋಗ್ಲಿ ಬಿಡೋ ಸೀನ್ಯಾ, ಸಣ್ಣ ಹುಡುಗಿ” ಎಂದು ಅಪ್ಪನಿಗೆ ಹೇಳಿ ಚೂರುಗಳನ್ನು ಆಯ್ದ. ಊಟಕ್ಕೆ ಕೂತೆವು. ಅವ್ವ ಕಡಬು ಬಡಿಸುವ ಮೊದಲೇ ಅವನು, ಸೈಟಿನಲ್ಲಿ ಕೆಲಸವಿದೆ ಎಂದು ಎದ್ದು ಹೋದ. ಶುಕ್ರವಾರ ಸೈಟಿಗೆ ರಜೆ ಎಂಬುದು ನಮಗೆಲ್ಲ ಗೊತ್ತಿತ್ತು.

ಬಾಗಿಲು ಮುಚ್ಚಿದ ಮೇಲೆ ಅಪ್ಪ ನನ್ನ ಮೇಲೆ ಕೂಗಾಡಲಿಲ್ಲ. ಅವನು ಸಿಟ್ಟು ಬಂದರೆ ದನಿ ತಗ್ಗಿಸಿ ಮಾತಾಡುವವನು.

“ನಮ್ಮ ಪದ್ಧತಿ ಏನು ಕಡಿಮಿ ಬಿದ್ದಿತ್ತಂತ ಮಂದೀ ಪದ್ಧತಿ ತರಲಿಕ್ಕೆ ಹೋದಿ? ಆ ಮನಿಗೆ ಹೋಗೂದು ಇವತ್ತಿಗೆ ಖಲಾಸ್.”

ಅವ್ವ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ನನ್ನನ್ನು ಕೇಳಿದಳು.

“ನಿನಗ ಯಾವಾಗಿಂದ ಬ್ಯಾಡಾಗಿತ್ತು?”

“ಭಾಳ ದಿನಾ ಆತವ್ವಾ.”

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

“ನಮ್ಮ ಅಜ್ಜಿ ಮಡೀಲೆ ಇದ್ದಾಗ ನಮ್ಮಪ್ಪ ಸುದ್ದಾ ನಾಲ್ಕು ಮಾರು ಸರದು ನಿಂದರ್ತಿದ್ದ. ಯಾರೂ ಯಾಕ ಅಂತ ಕೇಳಲಿಲ್ಲ. ಯಾರಿಗೂ ಅವಮಾನ ಆಗಲಿಲ್ಲ.”

“ಅದು ದೇವರ ಮಡಿ. ಇದಕ್ಕೂ ಅದಕ್ಕೂ ಏನು ಸಂಬಂಧ?”

“ದೇವರ ಹೆಸರಿಲೆ ಹೇಳಿದ್ರ ಸರದು ನಿಂದರ್ತೀರಿ. ಹುಡುಗಿ ತನ್ನ ಹೆಸರಿಲೆ ಹೇಳಿದ್ರ ಉದ್ಧಟತನ ಆಗ್ತದೇನ್ರಿ? ಇಕೀ ವಯಸ್ಸಿನಾಗ ನನಗೂ ಹಿಂಗ ಅನಿಸ್ತಿತ್ತು. ಬ್ಯಾಡ ಅನ್ನಬಹುದು ಅಂತ ನನಗ ಯಾರೂ ಹೇಳಿಕೊಡಲಿಲ್ಲ. ಇವತ್ತಿನಿಂದ ಇದು ನಮ್ಮ ಮನಿ ಪದ್ಧತಿ. ಇಕೀಗೆ ಬ್ಯಾಡಾದ್ರ ಯಾರೂ ಮುಟ್ಟಂಗಿಲ್ಲ. ನೀವೂ ಇಲ್ಲ, ನಾನೂ ಇಲ್ಲ.”

ಅವ್ವ ಅಪ್ಪನಿಗೆ ಎದುರಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮಡಿ ಎಂಬುದು ಯಾರ್ಯಾರನ್ನು ಎಷ್ಟು ತಲೆಮಾರು ಅಂಗಳದ ಹೊರಗೇ ನಿಲ್ಲಿಸಿತ್ತು ಎಂಬುದು ನನಗೆ ದೊಡ್ಡವಳಾದ ಮೇಲೆ ತಿಳಿಯಿತು, ಅವ್ವನಿಗೂ ಹೇಳಿದೆ; ಅವಳು ಒಪ್ಪಿಕೊಂಡಳು. ಆದರೆ ಅವತ್ತು ಅವಳ ಕೈಗೆ ಸಿಕ್ಕ ಮಾತು ಅದೊಂದೇ. ಇದ್ದದ್ದರಲ್ಲೇ ನನಗೊಂದು ಗೋಡೆ ಕಟ್ಟಿಕೊಟ್ಟಳು. ಅಪ್ಪ ಎದ್ದ. ಫೋನ್ ಹಿಡಿದುಕೊಂಡು ಕೋಣೆಗೆ ಹೋದ.

ಮುಂದಿನ ಶುಕ್ರವಾರ ಬೆಲ್ ಆಗಲಿಲ್ಲ. ಅದರ ಮುಂದಿನದೂ ಇಲ್ಲ. ಅಪ್ಪ ಫೋನ್ ಮಾಡಿದರೆ ಕಾಂಕ್ರೀಟ್ ಹಾಕುವ ಕೆಲಸ ನಡೆದಿದೆ, ತಲೆ ಎತ್ತಲೂ ಪುರಸೊತ್ತಿಲ್ಲ ಎಂಬ ಉತ್ತರ. ಅವ್ವ ಅಭ್ಯಾಸದಿಂದ ನಾಲ್ವರಿಗಾಗುವಷ್ಟು ಭಕ್ರಿ ಬಡಿಯುತ್ತಿದ್ದಳು. ಉಳಿದದ್ದನ್ನು ಶನಿವಾರ ಮುರಿದು ಒಗ್ಗರಣೆ ಹಾಕುತ್ತಿದ್ದಳು. ಅಪ್ಪ ಟಿವಿಯ ಮುಂದೆ ಕೂತು ಏನನ್ನೂ ನೋಡುತ್ತಿರಲಿಲ್ಲ. ಈ ದೇಶದಲ್ಲಿ ಅವನಿಗೆ ಸಹೋದ್ಯೋಗಿಗಳು ಬಹಳ, ಸೀನ್ಯಾ ಎಂದು ಕರೆಯುವವನು ಒಬ್ಬನೇ. ಆ ಒಬ್ಬನನ್ನು ನಾನು ಮನೆಯಿಂದ ಓಡಿಸಿದ್ದೆ ಎಂದು ನನಗನ್ನಿಸುತ್ತಿತ್ತು. ಹಾಗೆಂದು ಬಾಗಿಲು ತೆರೆದು ಮತ್ತೆ ಆ ತೋಳುಗಳೊಳಗೆ ಹೋಗುತ್ತೇನೆ ಎನ್ನುವ ಮನಸ್ಸೂ ಬರುತ್ತಿರಲಿಲ್ಲ. ಎರಡೂ ಒಟ್ಟಿಗೇ ಇದ್ದವು.

ನಾನು ಪಾಠಕ್ಕೆ ಬರದಿದ್ದದ್ದನ್ನು ಕಂಡು ರೂತ್ ಆಂಟಿ ಲಿಫ್ಟಿನಲ್ಲಿ ಅವ್ವನನ್ನು ಕೇಳಿದರಂತೆ. ಅವ್ವ ಮುಚ್ಚಿಡಲಿಲ್ಲ. ಮರುದಿನ ಸಂಜೆ ಗಂಡನ ಜೊತೆ ನಮ್ಮ ಮನೆಗೇ ಬಂದರು. ಅಪ್ಪ ಬಾಗಿಲು ತೆರೆದವನು ಒಂದು ಕ್ಷಣ ತಡವರಿಸಿ, ಕೈ ಜೋಡಿಸಿ ನಮಸ್ಕಾರ ಮಾಡಿದ. ಅವರು ಸೋಫಾದ ತುದಿಯಲ್ಲಿ ಕೂತು, ಕಿತ್ತಳೆ ಸುಲಿಯುತ್ತಾ, ನನ್ನ ಮಾತಿನಿಂದ ನಿಮ್ಮ ಮನೆಯ ನೆಮ್ಮದಿ ಕೆಟ್ಟಿತು ಎಂದರು. ಹಾಗೇನಿಲ್ಲ ಎಂದು ಅಪ್ಪ ಸೌಜನ್ಯಕ್ಕೆ ಹೇಳಿದ.

“ನನ್ನ ಅಪ್ಪನ ತಮ್ಮ ನಮ್ಮಷ್ಟು ಕಟ್ಟುನಿಟ್ಟಿನವನಲ್ಲ,” ಎಂದರು ರೂತ್ ಆಂಟಿ. “ಇನ್ನು ಮುಂದೆ ಅಪ್ಪಿಕೊಳ್ಳುವುದಿಲ್ಲ ಎಂದು ನಾನು ಹೇಳಿದಾಗ ಅವನಿಗೆ ಬಹಳ ನೋವಾಯಿತು. ಬರುವುದನ್ನು ಬಿಟ್ಟ. ನನ್ನ ಅಪ್ಪ, ನಿಯಮ ನಮ್ಮ ಕಡೆಗಿದೆ, ಬೇಕಾದರೆ ಅವನೇ ಬರಲಿ ಎಂದು ಕೂತ. ಅವನು ಬರಲೇ ಇಲ್ಲ. ನಿಯಮ ನನಗೆ ಯಾವತ್ತೂ ಭಾರವಾಗಿಲ್ಲ. ಅಪ್ಪ ಎದ್ದು ಹೋಗಲಿಲ್ಲವಲ್ಲ, ಅದು ಇವತ್ತಿಗೂ ಭಾರ.”

ಅಪ್ಪ ನೆಲ ನೋಡುತ್ತಾ ಕೇಳಿಸಿಕೊಂಡ. ಅವರು ಹೋಗುವಾಗ, ನಾಳೆಯಿಂದ ವಿಭಾ ಪಾಠಕ್ಕೆ ಬರುತ್ತಾಳೆ ಎಂದ. ಶುಕ್ರವಾರ ಬೆಳಗ್ಗೆ ಲುಂಗಿ ಉಡದೆ ಪ್ಯಾಂಟು ಹಾಕಿಕೊಂಡ. “ಬುತ್ತಿ ಕಟ್ಟು, ವುಕೈರ್‌ಗೆ ಹೋಗೂಣು” ಎಂದು ಅವ್ವನಿಗೆ ಹೇಳಿದ. ಕಾರಿನಲ್ಲಿ ನಾನು ಹಿಂದೆ ಕೂತೆ. ನನ್ನ ತೊಡೆಯ ಮೇಲೆ ಎಣಗಾಯಿಯ ಬಿಸಿ ಡಬ್ಬಿ.

ಕಾಕಾ ಬನಿಯನ್ ಮೇಲೆಯೇ ಬಾಗಿಲು ತೆರೆದು, ನಮ್ಮನ್ನು ಕಂಡು ಗಡಿಬಿಡಿಯಿಂದ ಶರ್ಟು ತೊಟ್ಟುಕೊಂಡ. ದಪ್ಪ ಕಟ್ಟಿನ ಹಳೆಯ ಚಷ್ಮಾ ಹಾಕಿಕೊಂಡಿದ್ದ. ನಾನು ಆ ಕೋಣೆಯನ್ನು ನೋಡಿದ್ದು ಅದೇ ಮೊದಲು. ಒಂದು ಮಂಚ, ಮಂಚದ ಕೆಳಗೆ ಸೂಟ್‌ಕೇಸ್, ಗೋಡೆಗೆ ಅಂಟಿಸಿದ ಒಂದು ಫೋಟೊ. ಅದರಲ್ಲಿ ಎರಡು ಜಡೆಯ ಒಬ್ಬಳು ಹುಡುಗಿ, ನನ್ನದೇ ವಯಸ್ಸು. ಕೂಡಲು ಕುರ್ಚಿಗಳಿರಲಿಲ್ಲ. ನಾವು ಮಂಚದ ಮೇಲೆ ಕೂತೆವು, ಕಾಕಾ ನಿಂತೇ ಇದ್ದ. ಅಪ್ಪ ನನ್ನ ಕಡೆ ನೋಡಿದ. ಹೀಗಾಗಿ ನಾನೇ ಹೇಳಬೇಕಾಯಿತು.

“ಕಾಕಾ, ಚಷ್ಮಾ ಒಡದದ್ದು ನಂಗೂ ಕೆಟ್ಟ ಅನಿಸ್ತು. ನಿನ್ನ ಮ್ಯಾಲೆ ಸಿಟ್ಟಿಲ್ಲ. ಆದ್ರ ಅವತ್ತ ಹೇಳಿದ ಮಾತು ಹಂಗ ಅದ.”

ಕಾಕಾ ಗೋಡೆಯ ಕಡೆ ನೋಡಿದ.

“ಊರಿಗೆ ಹೋದ್ರ ನಮ್ಮ ಪಲ್ಲವಿ ಬಾಗಲಾ ಹಿಂದ ನಿಂದರ್ತಾಳ. ವರ್ಷಕ್ಕೊಮ್ಮೆ ಬರೂ ಅಪ್ಪ. ನಾನ ಎಳಕೊಂಡು ಅಪ್ಪಿಕೊಂಡ್ರ ಕಟ್ಟಿಗಿ ಆಗಿಬಿಡ್ತಾಳ. ಅಲ್ಲಿ ಆಕಿ ಬರೂದಿಲ್ಲ, ಇಲ್ಲೆ ಒಬ್ಬಾಕಿ ಓಡಿ ಬರ್ತಾಳ ಅಂತ ಇದ್ದೆ. ಈಗ ಇಲ್ಲೀನೂ ಅಷ್ಟ ಆತು.”

ಅವನು ಸಿಟ್ಟಿನಿಂದ ಹೇಳಲಿಲ್ಲ. ಹವೆಯ ವಿಷಯ ಹೇಳಿದಷ್ಟೇ ಸಾದಾ ಹೇಳಿದ. ಅವ್ವ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು.

“ವಸಂತಣ್ಣ, ಆಗ ಓಡಿ ಬರ್ತಿದ್ದಳು. ಈಗ ನಡಕೋತ ಬಂದಾಳ. ಬಂದಾಳಲ್ಲ.”

ಕಾಕಾ ಚಷ್ಮಾ ತೆಗೆದು ಶರ್ಟಿನ ತುದಿಯಿಂದ ಒರೆಸಿದ. ಆಮೇಲೆ ನನ್ನನ್ನು ಕೇಳಿದ.

“ಕೈ ಆದ್ರೂ ಕುಲುಕಬಹುದೇನು?”

ನಾನು ಯೋಚಿಸಿದೆ. ಅವನು ಕೇಳಿದ್ದು ಅದೇ ಮೊದಲಾದ್ದರಿಂದ ನಿಜವಾದ ಉತ್ತರವನ್ನೇ ಕೊಡಬೇಕೆನಿಸಿತು.

“ಸದ್ಯಕ್ಕ ಬ್ಯಾಡ ಕಾಕಾ.”

“ಆತು,” ಎಂದ. ಸ್ವಲ್ಪ ತಡೆದು, “ವೈನಿ, ಶೇಂಗಾ ಹಿಂಡಿ ತಂದೀರಿಲ್ಲೋ?” ಎಂದು ಕೇಳಿ ನೆಲದ ಮೇಲೆ ಪೇಪರು ಹಾಸಿದ. ನಾಲ್ವರೂ ಸುತ್ತ ಕೂತು ಉಂಡೆವು. ನಾನು ಪಲ್ಲವಿ ಯಾವ ಶಾಲೆ, ಏನು ಓದುತ್ತಾಳೆ ಎಂದೆಲ್ಲ ಕೇಳಿದೆ. ಕೆಲವಕ್ಕೆ ಅವನಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದ.

ಶುಕ್ರವಾರದ ಬೆಲ್ ಮತ್ತೆ ಶುರುವಾಯಿತು. ಕಾಕಾ ಬಾಗಿಲಲ್ಲಿ ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದ, ಮೊದಮೊದಲು ನಾಟಕದವನ ಹಾಗೆ ಅತಿ ಬಗ್ಗಿ, ಬರಬರುತ್ತಾ ಸರಳವಾಗಿ. ನಾನು ಬಚ್ಚಲುಮನೆಗೆ ಹೋಗುವುದನ್ನು ಬಿಟ್ಟೆ. ಅವನ ಎದುರಿನ ಕುರ್ಚಿಯಲ್ಲಿ ಕೂತು ಉಣ್ಣತೊಡಗಿದ ಮೇಲೆ, ತೊಡೆಯ ಮೇಲೆ ಕೂತಿದ್ದಾಗ ಎಂದೂ ನೋಡದಿದ್ದ ಅವನ ಮುಖ ಕಾಣತೊಡಗಿತು. ಅವನು ದಣಿದಿದ್ದ ದಿನಗಳು ಯಾವುವು, ಮನೆಯಿಂದ ಫೋನ್ ಬಂದ ದಿನಗಳು ಯಾವುವು ಎಂದು ಹೇಳಬಲ್ಲವಳಾದೆ. ರೂತ್ ಆಂಟಿಯ ಗಂಡನ ಕೆಲಸದ ಅವಧಿ ಮುಗಿದು ಅವರು ಹೊರಟಾಗ ಅವ್ವನೂ ನಾನೂ ಅವರನ್ನು ಅಪ್ಪಿಕೊಂಡೆವು. ಅಪ್ಪ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಅವರ ಸಾಮಾನಿನ ಲಾರಿ ಹೋಗುವವರೆಗೂ ಕೆಳಗೇ ನಿಂತಿದ್ದ.

ಆ ಬೇಸಿಗೆಯಲ್ಲಿ ಕಾಕಾ ರಜೆಯ ಮೇಲೆ ಊರಿಗೆ ಹೋದ. ಹಿಂತಿರುಗಿದ ವಾರವೇ ನಮ್ಮ ಮನೆಗೆ ಬಂದ, ಧಾರವಾಡ ಪೇಡೆಯ ಡಬ್ಬಿ ಹಿಡಿದುಕೊಂಡು. ಊಟಕ್ಕೆ ಕೂತೆವು. ಅರ್ಧ ಭಕ್ರಿ ಆಗುವವರೆಗೆ ಮಳೆ, ರಸ್ತೆ, ವಿಮಾನದ ತಡ ಇವುಗಳ ಮಾತೇ ಆಯಿತು. ಆಮೇಲೆ ಅವನು ತಟ್ಟೆಯನ್ನೇ ನೋಡುತ್ತಾ ಹೇಳಿದ.

“ಈ ಸರ್ತೆ ನಾ ಪಲ್ಲವೀನ ಕರೀಲಿಲ್ಲ. ಮುಟ್ಟಲಿಲ್ಲ. ಆಕಿ ಬಾಗಲದಾಗ ನಿಂತಿದ್ಲು, ನಾ ನಮಸ್ಕಾರ ಅಂದು ಚಾದಂಗಡಿಗೆ ಹೋದೆ. ದಿನಾ ಸಂಜೀಕ ಕಟ್ಟೀ ಮ್ಯಾಲೆ ಸುಮ್ಮನ ಕೂಡ್ತಿದ್ದೆ. ಸೂಟಿ ಮುಗೀಲಿಕ್ಕೆ ಬಂದಿತ್ತು, ಆಗ ಒಂದಿನಾ ಗಣಿತದ ಪುಸ್ತಕಾ ತಗೊಂಡು ಬಂದು ಬಾಜೂಕ ಕೂತ್ಲು. ಲೆಕ್ಕಾ ಬರಲಿಲ್ಲ ಆಕಿಗೆ. ನನಗೂ ಬರಲಿಲ್ಲ.”

“ಮುಂದ?” ಎಂದ ಅಪ್ಪ.

“ಮುಂದೇನು. ಕತ್ತಲಾಗೂ ತನಕ ಇಬ್ಬರೂ ಅಲ್ಲೇ ಕೂತಿದ್ವಿ. ಒಳಗ ಹೋಗೋ ಮುಂದ ನನ್ನ ಹೆಗಲ ಮ್ಯಾಲೆ ಕೈ ಇಟ್ಟು ಎದ್ದು ನಿಂತ್ಲು, ನೋಡು. ತಾನಾಗಿ.”

ಅವ್ವ ಇನ್ನೊಂದು ಭಕ್ರಿ ತಂದು ಅವನ ತಟ್ಟೆಗೆ ಹಾಕಿದಳು. ಅವನು ಬೇಡವೆನ್ನಲಿಲ್ಲ.